ಟ್ರೇ ಬಿಟ್ಟು ಕೌದಿ ಹಿಡಿದ ಬೆಕ್ಕು: ಧಾರವಾಡದ ಮನೆಯೊಂದರ ಪ್ರಕರಣ

ಈ ಪ್ರಕರಣ ಧಾರವಾಡದ ಹಳೆಯ ಬಡಾವಣೆಯೊಂದರ ಮನೆಯದು. ಮನೆಯವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಬೆಕ್ಕಿನ ಹೆಸರೂ ಬೇರೆ. ಇಲ್ಲಿ ಅದನ್ನು ಗುಂಡ ಎಂದು ಕರೆಯೋಣ. ಮನೆಯಲ್ಲಿ ನಾಲ್ವರು: ಎಪ್ಪತ್ತು ದಾಟಿದ ಹಿರಿಯ ಹೆಣ್ಣುಮಗಳು, ಅವರ ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಮಲಮೂತ್ರಕ್ಕೆಂದು ಇಟ್ಟ ಟ್ರೇ ಬಿಟ್ಟು ಮನೆಯಲ್ಲಿ ಬೇರೆ ಕಡೆ ಮೂತ್ರ ಮಾಡುವ ಈ ತಕರಾರು, ಪಶುವೈದ್ಯನಾಗಿ ನಾನು ನೋಡುವ ಬೆಕ್ಕುಗಳಲ್ಲಿ ಹೊಸದಲ್ಲ. ಆದರೂ ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಕಾಯಿಲೆ ವಾಸಿಯಾದ ಮೇಲೂ ಬೆಕ್ಕು ಟ್ರೇಗೆ ಮರಳಲಿಲ್ಲ, ಬೆಕ್ಕು ಮರಳಿದ ಮೇಲೂ ವಾಸನೆ ಹೋಗಲಿಲ್ಲ. ಒಂದೇ ತೊಂದರೆಯೆಂದು ಮನೆಯವರು ತಿಳಿದಿದ್ದು ವಾಸ್ತವವಾಗಿ ಮೂರಾಗಿತ್ತು, ಮೂರಕ್ಕೂ ಬೇರೆ ಬೇರೆ ಮದ್ದು ಬೇಕಾಯಿತು.

ಹಿನ್ನೆಲೆ

ಗುಂಡ ಹಿತ್ತಲಿನಲ್ಲಿ ಹುಟ್ಟಿ, ತಾಯಿ ಬಿಟ್ಟುಹೋದ ಮೇಲೆ ಮನೆಯೊಳಗೆ ಸೇರಿಕೊಂಡ ಗಂಡು ಬೆಕ್ಕು. ವಯಸ್ಸು ಸುಮಾರು ನಾಲ್ಕು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲ ವರ್ಷದಲ್ಲೇ ಆಗಿತ್ತು. ಈ ತೊಂದರೆ ಶುರುವಾದ ವರ್ಷದವರೆಗೆ ಅದಕ್ಕೆ ಟ್ರೇ ಎಂಬುದೇ ಗೊತ್ತಿರಲಿಲ್ಲ. ಹಿತ್ತಲಿನ ಪೇರಲ ಗಿಡದ ಬುಡದ ಸಡಿಲ ಮಣ್ಣನ್ನು ಕೆದರಿ, ಕೆಲಸ ಮುಗಿಸಿ, ಮುಚ್ಚಿ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ, ಯಾರಿಗೂ ಅದರಿಂದ ತೊಂದರೆಯಿರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಮನೆಯವರು ಗಾಡಿ ನಿಲ್ಲಿಸಲು ಅನುಕೂಲವಾಗಲೆಂದು ಹಿತ್ತಲಿಗೆಲ್ಲ ಸಿಮೆಂಟಿನ ಪೇವರ್ ಬ್ಲಾಕು ಹಾಕಿಸಿದರು. ಪೇರಲ ಗಿಡ ಉಳಿಯಿತು, ಅದರ ಬುಡದ ಮಣ್ಣು ಉಳಿಯಲಿಲ್ಲ. ಬೆಕ್ಕಿಗೆ ಬದಲಿ ವ್ಯವಸ್ಥೆಯಾಗಿ ಮುಚ್ಚಳವಿರುವ, ಮುಂದೆ ಅಲ್ಲಾಡುವ ಬಾಗಿಲಿನ ಟ್ರೇಯೊಂದನ್ನು ತಂದು ಬಚ್ಚಲಿನಲ್ಲಿ ವಾಷಿಂಗ್ ಮಷೀನಿನ ಪಕ್ಕಕ್ಕಿಟ್ಟು, ಅದರಲ್ಲಿ ಲ್ಯಾವೆಂಡರ್ ಪರಿಮಳದ ಲಿಟರ್, ಅಂದರೆ ಮೂತ್ರ ಹೀರಿಕೊಳ್ಳುವ ಪುಡಿ, ತುಂಬಿದರು. ಇಂಥ ಮುಚ್ಚಳದ ಟ್ರೇ ಮಾರುವವರಿಗೂ ಕೊಳ್ಳುವವರಿಗೂ ಇಷ್ಟ, ಏಕೆಂದರೆ ಒಳಗಿನದು ಕಣ್ಣಿಗೆ ಬೀಳುವುದಿಲ್ಲ. ಆದರೆ ಬಳಸುವವನು ಬೆಕ್ಕು. ಗುಂಡ ಮೊದಲ ಕೆಲವು ವಾರ ಅದನ್ನೇ ಬಳಸಿದ್ದರಿಂದ ಅದಕ್ಕೆ ರೂಢಿಯಾಯಿತೆಂದು ಎಲ್ಲರೂ ನಂಬಿದರು.

ಜೂನ್ ಕಳೆದು ಮಳೆ ಹಿಡಿದ ಮೇಲೆ ಪಡಸಾಲೆಯ ಮೂಲೆಯಲ್ಲಿ, ಕಪಾಟಿನ ಕೆಳಗೆ, ಮೊದಲ ಸಲ ಒದ್ದೆ ಕಂಡಿತು. ಆಮೇಲೆ ಮಡಚಿಟ್ಟ ಕೌದಿಗಳ ಮೇಲೆ. ಆಮೇಲೆ ಹಿರಿಯರ ಮಂಚದ ಕೆಳಗೆ ಹಾಸಿದ್ದ ನವಲಗುಂದದ ಜಮಖಾನದ ಮೇಲೆ.

ಮನೆಯವರು ಮಾಡಿದ್ದು

ಮೊದಲು ಫಿನೈಲ್. ದಿನಕ್ಕೆ ಎರಡು ಸಲ ಆ ಮೂಲೆಯನ್ನು ಒರೆಸಿದರು. ಒರೆಸಿದ ತಾಸಿನೊಳಗೆ ಫಿನೈಲಿನ ಘಾಟಿನ ಅಡಿಯಿಂದ ಮೂತ್ರದ ವಾಸನೆ ಮತ್ತೆ ಮೇಲೇಳುತ್ತಿತ್ತು. ಕಪ್ಪು ಫಿನೈಲಿನಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಒದ್ದೆ ನೆಲದ ಮೇಲೆ ನಡೆದು, ಅನಂತರ ಪಾದ ನೆಕ್ಕಿಕೊಳ್ಳುವ ಬೆಕ್ಕಿನ ಹೊಟ್ಟೆಗೆ ಅದು ನೇರವಾಗಿ ಸೇರುತ್ತದೆ. ಬೆಕ್ಕಿರುವ ಮನೆಯಲ್ಲಿ ಫಿನೈಲ್ ಬಳಸಬಾರದೆಂದು ನಾನು ಹೇಳುವುದಕ್ಕೆ ವಾಸನೆಗಿಂತ ಇದೇ ದೊಡ್ಡ ಕಾರಣ.

ಫಿನೈಲ್ ಸೋತ ಮೇಲೆ ಮಗ ಪಾಯಖಾನೆ ತೊಳೆಯುವ ಆಸಿಡ್ಡನ್ನು ಪಡಸಾಲೆಯ ನೆಲಕ್ಕೆ ಸುರಿದರು. ನೆಲ ಶಹಾಬಾದ್ ಕಲ್ಲಿನದು. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ. ಆಸಿಡ್ ಬಿದ್ದ ಕೂಡಲೇ ಬುರುಗುಟ್ಟುತ್ತದೆ, ಆ ಬುರುಗು ಕೊಳೆ ಹೋಗುತ್ತಿರುವ ಗುರುತಲ್ಲ, ಕಲ್ಲೇ ಕರಗುತ್ತಿರುವ ಗುರುತು. ತಲೆಮಾರುಗಳ ಓಡಾಟದಿಂದ ನುಣುಪಾಗಿದ್ದ ಫರಸಿಯ ಮೇಲೆ ಒಂದು ಮೊಳದಗಲದ ಬಿಳಚು ಕಲೆ ಬಿದ್ದು, ಬೆರಳಾಡಿಸಿದರೆ ಉಪ್ಪಿನ ಕಾಗದದಂತೆ ಒರಟಾಯಿತು. ಮೊದಲು ಮೇಲೆಯೇ ನಿಲ್ಲುತ್ತಿದ್ದ ದ್ರವ ಆಮೇಲೆ ಅಲ್ಲಿ ಬೇಗ ಇಂಗತೊಡಗಿತು. ವಿನೆಗರ್ ಅಥವಾ ನಿಂಬೆರಸ ಹಾಕಿ ತೊಳೆಯಿರಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ಭಾಗದ ಶಹಾಬಾದ್ ಅಥವಾ ಕಡಪಾ ಕಲ್ಲಿನ ನೆಲಕ್ಕೆ ಅದೂ ಒಗ್ಗುವುದಿಲ್ಲ.

ಮೂರನೆಯದಾಗಿ ಕಪಾಟಿನ ಅಡಿ ಡಾಂಬರ್ ಗುಳಿಗೆ ಹರಡಿದರು. ಅದರಲ್ಲಿರುವ ನ್ಯಾಫ್ತಲೀನ್ ಬೆಕ್ಕಿಗೆ ವಿಷ. ಅದೃಷ್ಟಕ್ಕೆ ಗುಂಡ ಅದನ್ನು ಮುಟ್ಟಲಿಲ್ಲ, ಜಾಗ ಬದಲಿಸಿತು ಅಷ್ಟೇ. ಹೀಗೆ ತೊಂದರೆ ಒಂದು ಮೂಲೆಯಿಂದ ಮೂರು ಕಡೆಗೆ ಹಬ್ಬಿತು. ಇದರ ನಡುವೆ ಯಾರೋ ಹೇಳಿದರೆಂದು ಬೆಕ್ಕಿನ ಮೂಗನ್ನು ಒದ್ದೆ ಜಾಗಕ್ಕೆ ಒತ್ತಿದ್ದೂ ಆಯಿತು, ರಾತ್ರಿಯಿಡೀ ಟ್ರೇಯ ಜೊತೆ ಬಚ್ಚಲಿನಲ್ಲಿ ಕೂಡಿಹಾಕಿದ್ದೂ ಆಯಿತು. ಕೂಡಿಹಾಕಿದ ರಾತ್ರಿಗಳಲ್ಲಿ ಅದು ಬೆಳಗಿನವರೆಗೆ ಮೂತ್ರವನ್ನೇ ಮಾಡದೆ ತಡೆದುಕೊಂಡಿತ್ತು.

ಅತ್ತೆ ಸೊಸೆಯರ ನಡುವೆಯೂ ಇದರಿಂದ ಮಾತು ಬೆಳೆಯಿತು. "ಅದು ಸಿಟ್ಟಿಗೆ ಮಾಡಾಕತ್ತೈತ್ರಿ. ಹಿತ್ತಲಾ ಮುಚ್ಚಿದ್ದಕ್ಕ ಸೇಡು ತೀರಿಸ್ಕೊಳ್ಳಾಕತ್ತೈತಿ" ಎಂದು ಹಿರಿಯರು ನನಗೂ ಹೇಳಿದರು. ಹಾಳಾದ ಕೌದಿಗಳಲ್ಲಿ ಒಂದು ಅವರ ತಾಯಿ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದಾಗಿತ್ತು. ಅವರ ಸಿಟ್ಟಿಗೆ ಅರ್ಥವಿತ್ತು. ಹಾವೇರಿ ಕಡೆಯ ಹಳ್ಳಿಯಲ್ಲಿರುವ ನೆಂಟರ ಹೊಲದ ಮನೆಗೆ ಬೆಕ್ಕನ್ನು ಬಿಟ್ಟುಬರುವುದೆಂದು ತೀರ್ಮಾನವೂ ಆಗಿತ್ತು.

ಮೊದಲ ತಿರುವು

ಹಳ್ಳಿಗೆ ಹೋಗಬೇಕಿದ್ದ ವಾರದಲ್ಲೇ ಮೊಮ್ಮಗಳು ಒಂದು ಸಂಗತಿ ಗಮನಿಸಿದಳು. ಗುಂಡ ಬಚ್ಚಲಿನ ತೂಬಿನ ಹತ್ತಿರ ಕುಕ್ಕರಿಸಿ ಬಹಳ ಹೊತ್ತು ಕುಳಿತಿತ್ತು. ಎದ್ದು ಹೋದ ಮೇಲೆ ಬಿಳಿ ಟೈಲ್ಸಿನ ಮೇಲೆ ಮೂರ್ನಾಲ್ಕು ಹನಿ ಮಾತ್ರ ಇದ್ದವು, ಹನಿಗಳ ಬಣ್ಣ ತೆಳುಗೆಂಪು. ಅವಳು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ತಾಯಿಗೆ ತೋರಿಸಿದಳು. ಅವತ್ತೇ ಸಂಜೆ ಬೆಕ್ಕನ್ನು ನನ್ನ ಬಳಿ ತಂದರು.

ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ತಿಣುಕುತ್ತಿದ್ದು ಮೂತ್ರ ಬರುತ್ತಿಲ್ಲವೆಂದರೆ ಅದನ್ನು ತುರ್ತೆಂದೇ ಎಣಿಸಬೇಕು. ಗಂಡಿನ ಮೂತ್ರನಾಳ ತುದಿಯಲ್ಲಿ ಬಹಳ ಸಣ್ಣದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ 24ರಿಂದ 48 ಗಂಟೆಯೊಳಗೆ ಜೀವಕ್ಕೇ ಕುತ್ತು ಬರಬಹುದು. ಮನೆಯವರು ಇದನ್ನು ಅನೇಕ ಸಲ ಮಲಬದ್ಧತೆ ಎಂದು ತಿಳಿದು ಒಂದು ರಾತ್ರಿ ಕಾಯುತ್ತಾರೆ. ಆದ್ದರಿಂದ ಗುಂಡನ ಹೊಟ್ಟೆ ಮುಟ್ಟಿ ನೋಡುವುದೇ ಮೊದಲ ಕೆಲಸವಾಯಿತು. ಮೂತ್ರಕೋಶ ಕಲ್ಲಿನಂತೆ ಬಿಗಿದಿರಲಿಲ್ಲ; ಸಣ್ಣದಾಗಿ ಮೆತ್ತಗಿತ್ತು, ಆದರೆ ಮುಟ್ಟಿದರೆ ನೋವು. ಅಂದರೆ ದಾರಿ ಕಟ್ಟಿರಲಿಲ್ಲ. ಕೋಶದ ಉರಿಯಿಂದ ಸ್ವಲ್ಪ ಸ್ವಲ್ಪ ಮೂತ್ರಕ್ಕೂ ಒತ್ತಡವಾಗುತ್ತಿತ್ತು.

ಮೂತ್ರ ಪರೀಕ್ಷೆಯಲ್ಲಿ ರಕ್ತವಿತ್ತು, ಬ್ಯಾಕ್ಟೀರಿಯಾ ಇರಲಿಲ್ಲ, ಹರಳುಗಳು ಹೇಳಿಕೊಳ್ಳುವಷ್ಟಿರಲಿಲ್ಲ. ಸಾಂದ್ರತೆ 1.050ರ ಆಸುಪಾಸು, ಅಂದರೆ ಕಿಡ್ನಿ ನೀರನ್ನು ಸರಿಯಾಗಿ ಹಿಡಿದಿಡುತ್ತಿದೆ. ಅಲ್ಟ್ರಾಸೌಂಡಿನಲ್ಲಿ ಕಲ್ಲು ಕಾಣಲಿಲ್ಲ. ಕೋಶದ ಗೋಡೆ ಮಾತ್ರ ದಪ್ಪವಾಗಿತ್ತು. ಬೇರೆಲ್ಲ ಕಾರಣಗಳನ್ನು ತೆಗೆದುಹಾಕಿದ ಮೇಲೆ ಉಳಿಯುವ ಈ ಸ್ಥಿತಿಗೆ ಇಡಿಯೋಪಥಿಕ್ ಸಿಸ್ಟೈಟಿಸ್, ಅಂದರೆ ಕಾರಣ ಸಿಗದ ಮೂತ್ರಕೋಶದ ಉರಿಯೂತ, ಎನ್ನುತ್ತಾರೆ. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಮೂತ್ರಕೋಶ, ಮೂತ್ರನಾಳಗಳ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದೇ. ಬದುಕಿನ ವ್ಯವಸ್ಥೆಯಲ್ಲಿ ಆಗುವ ಏರುಪೇರು, ಹೊಸ ಜಾಗ, ಹೊಸ ಪ್ರಾಣಿ, ಗದ್ದಲ ಇವು ಅದನ್ನು ಕೆರಳಿಸುತ್ತವೆ. ಗುಂಡನ ಪಾಲಿಗೆ ಹಿತ್ತಲಿನಲ್ಲಿ ನಡೆದ ಕಾಮಗಾರಿಯೇ ಸಾಕಾಗಿತ್ತು. ಜೊತೆಗೆ, ಆ ಕಾಮಗಾರಿಗೆ ಹಿತ್ತಲಿನ ಕಟ್ಟೆ ಒಡೆದ ಮೇಲೆ ಓಣಿಯ ಗಂಡು ಬೆಕ್ಕೊಂದು ಹಿಂಬಾಗಿಲಿಗೆ ಬಂದು ಕೂರುತ್ತಿತ್ತಂತೆ.

ಇಲ್ಲಿ ಒಂದು ನಿರ್ಧಾರ ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. "ಒಂದು ಇಂಜೆಕ್ಷನ್ ಮಾಡಿಬಿಡ್ರಿ, ಲಗೂನ ಆರಾಮಾಗ್ಲಿ" ಎಂದು ಮಗ ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಆ್ಯಂಟಿಬಯೋಟಿಕ್. ಬ್ಯಾಕ್ಟೀರಿಯಾ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಈ ಉರಿ ಹೆಚ್ಚಿನ ಬೆಕ್ಕುಗಳಲ್ಲಿ ಒಂದು ವಾರದೊಳಗೆ ತಾನೇ ಇಳಿಯುತ್ತದೆ. ಆ ವಾರ ಕೊಟ್ಟ ಯಾವ ಔಷಧಿಗಾದರೂ ಅದರ ಕೀರ್ತಿ ಹೋಗುತ್ತದೆ, ಮುಂದಿನ ಸಲವೂ ಅದನ್ನೇ ಬೇಡುವ ರೂಢಿ ಬೆಳೆಯುತ್ತದೆ. ಕೊಟ್ಟದ್ದು ಬೆಕ್ಕಿಗೆ ಹೊಂದುವ ನೋವುನಿವಾರಕ ಮಾತ್ರ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರೂ ಕೊಡಬಾರದು, ಅದು ಬೆಕ್ಕಿನ ಪ್ರಾಣ ತೆಗೆಯುತ್ತದೆ ಎಂದು ಒತ್ತಿ ಹೇಳಿದೆ. ಒಣ ಕಾಳಿನ ಆಹಾರ ಕಡಿಮೆ ಮಾಡಿ ಹಸಿ ಆಹಾರ ಹೆಚ್ಚಿಸಲು, ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಎರಡು ಮೂರು ಕಡೆ ಇಡಲು ತಿಳಿಸಿದೆ. ಹಿಂಬಾಗಿಲಿನ ಕಿಟಕಿಯ ಕೆಳಗಿನ ಗಾಜಿಗೆ ಕಾಗದ ಅಂಟಿಸಿ ಹೊರಗಿನ ಬೆಕ್ಕು ಕಾಣದಂತೆ ಮಾಡಿದರು.

ವಾಸಿಯಾದ ಮೇಲೂ ಟ್ರೇ ಬೇಡ

ಮೂತ್ರ ತಿಳಿಯಾಯಿತು, ಕುಕ್ಕರಿಸುವುದು ನಿಂತಿತು. ಆದರೆ ಗುಂಡ ಈಗ ಒಂದೇ ಸಲಕ್ಕೆ, ಆರಾಮಾಗಿ, ಕಪಾಟಿನ ಕೆಳಗೆ ಹೋಗತೊಡಗಿತು. ಹಿರಿಯರ ಸೇಡಿನ ಮಾತಿಗೆ ಇದರಿಂದ ಮತ್ತೆ ಬಲ ಬಂತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಘಟ್ಟ ಇದೇ. ಟ್ರೇಯಲ್ಲಿ ಕುಳಿತಾಗಲೆಲ್ಲ ಉರಿದದ್ದರಿಂದ ಆ ನೋವನ್ನು ಬೆಕ್ಕು ಟ್ರೇಗೇ ಗಂಟುಹಾಕಿತ್ತು. ಕೋಶ ವಾಸಿಯಾದರೂ ಆ ಗಂಟು ಬಿಚ್ಚಿರಲಿಲ್ಲ. ಅಷ್ಟರಲ್ಲಿ ಮೆತ್ತನೆಯ ಕೌದಿಯೂ ಕತ್ತಲ ಮೂಲೆಯೂ ಅದಕ್ಕೆ ಹಿಡಿಸಿದ್ದವು. ಹಳೆಯ ಟ್ರೇಗೆ ಅದನ್ನು ಮರಳಿಸುವ ಪ್ರಯತ್ನವನ್ನೇ ಕೈಬಿಟ್ಟು, ಹೊಸದಾಗಿ ಶುರುಮಾಡಬೇಕೆಂದು ನಾನು ಹೇಳಿದೆ.

ಹೊಸದು ಹೇಗಿರಬೇಕೆಂದು ತಿಳಿಯಲು ಮೊದಲು ಹಳೆಯದರಲ್ಲಿ ಏನು ತಪ್ಪಿತ್ತೆಂದು ನೋಡಬೇಕಿತ್ತು. ಮೊಮ್ಮಗಳು ಹಳೆಯ ಮೊಬೈಲೊಂದನ್ನು ಬಚ್ಚಲಿನ ಕಿಟಕಿಯಲ್ಲಿಟ್ಟು ವೀಡಿಯೋ ತೆಗೆದಳು. ಅದರಲ್ಲಿ ಕಂಡದ್ದು ಇಷ್ಟು: ಬೆಕ್ಕು ತಲೆಯಿಂದ ಬಾಗಿಲು ತಳ್ಳುತ್ತದೆ, ಮುಂಗಾಲೆರಡನ್ನು ಒಳಗಿಡುತ್ತದೆ, ಒಂದು ಕಾಲನ್ನು ಜಾಡಿಸುತ್ತದೆ, ಹಿಂಗಾಲು ಹೊರಗಿರುವಂತೆಯೇ ಕೆಲ ಕ್ಷಣ ನಿಲ್ಲುತ್ತದೆ, ವಾಷಿಂಗ್ ಮಷೀನ್ ಬಟ್ಟೆ ಹಿಂಡಲು ಗರಗರನೆ ತಿರುಗಿದ ಕೂಡಲೇ ಹಿಂದಕ್ಕೆ ಹಾರುತ್ತದೆ. ಆ ಟ್ರೇಯೊಳಗೆ ಅದಕ್ಕೆ ಪೂರ್ತಿ ತಿರುಗಲೂ ಜಾಗವಿರಲಿಲ್ಲ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟಾದರೂ ಟ್ರೇ ಇರಬೇಕೆಂಬುದು ಲೆಕ್ಕ. ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರೇಗಳು ಅಷ್ಟಿಲ್ಲ.

ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ಬುಗಳನ್ನು ಎರಡು ತಂದು, ಒಂದೊಂದರ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿದರು. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಬೇಕೆಂಬ ನಿಯಮಕ್ಕೂ ಅದು ಸರಿಹೋಯಿತು. ಒಂದರಲ್ಲಿ ಪರಿಮಳವಿಲ್ಲದ, ಗಟ್ಟಿಕಟ್ಟುವ ಬೆಂಟೋನೈಟ್ ಜೇಡಿಮಣ್ಣಿನ ಲಿಟರ್. ಇನ್ನೊಂದರಲ್ಲಿ ಜರಡಿ ಹಿಡಿದು ಒಣಗಿಸಿದ ಮಣ್ಣು ಮತ್ತು ಉಸುಕು. ಬೇರೆ ಬೆಕ್ಕುಗಳು ಓಡಾಡದ ಕಡೆಯಿಂದಲೇ ಮಣ್ಣು ತರಬೇಕೆಂದು ಹೇಳಿದ್ದೆ, ಇಲ್ಲವಾದರೆ ಹೊರಗಿನ ವಾಸನೆಯೂ ಹುಳುಗಳೂ ಅದರ ಜೊತೆ ಬರುತ್ತವೆ. ಗುಂಡ ಮಣ್ಣಿನ ಟಬ್ಬನ್ನೇ ಆರಿಸಿತು. ಲಿಟರಿನ ಟಬ್ಬನ್ನು ಮೂಸಿ ಬಿಟ್ಟಿತು.

ಜಾಗದ ವಿಷಯದಲ್ಲಿ ಗಟ್ಟಿ ವಾದವೇ ನಡೆಯಿತು. ಬೆಕ್ಕು ತಾನೇ ಆರಿಸಿಕೊಂಡ ಕಪಾಟಿನ ಪಕ್ಕಕ್ಕೇ ಟಬ್ಬು ಇಡಬೇಕೆಂದು ನಾನು ಹೇಳಿದರೆ, ಬಂದವರು ಕೂರುವ ಪಡಸಾಲೆಯಲ್ಲಿ ಬೆಕ್ಕಿನ ಪಾಯಖಾನೆಯೇ ಎಂದು ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲ್ಲಿ ಈಗಾಗಲೇ ಅದೇ ಕೆಲಸ ನಡೆಯುತ್ತಿದೆ, ಟಬ್ಬಿಲ್ಲದೆ ನಡೆಯುತ್ತಿದೆ ಎಂದು ಸೊಸೆ ಹೇಳಿದ ಮೇಲೆ ಒಪ್ಪಿದರು. ಶ್ರಾವಣದ ಪೂಜೆಗೆ ನೆಂಟರು ಬರುವುದರೊಳಗೆ ತೆಗೆಯಬೇಕೆಂಬ ಷರತ್ತು ಹಾಕಿದರು. ಷರತ್ತಿನ ಗಡುವು ಮೀರಿತು. ಪೂಜೆಯ ದಿನ ಟಬ್ಬಿನ ಮುಂದೆ ಒಂದು ಪರದೆ ಬಂತು, ಟಬ್ಬು ಕದಲಲಿಲ್ಲ. ಗುಂಡ ಬೇರೆಲ್ಲೂ ಮಾಡದೆ ಹಲವು ವಾರ ಕಳೆದ ಮೇಲಷ್ಟೇ ಅದನ್ನು ದಿನಕ್ಕೆ ಒಂದು ಗೇಣಿನಂತೆ ಸರಿಸುತ್ತ, ಬೆಕ್ಕು ಹಿಂಜರಿದ ದಿನ ಅಲ್ಲೇ ನಿಲ್ಲಿಸುತ್ತ, ಕೊನೆಗೆ ನಡುಮನೆಯಿಂದ ಬಚ್ಚಲಿಗೆ ಹೋಗುವ ಹಾದಿಯ ಮೂಲೆಗೆ ತಂದರು. ಬಚ್ಚಲಿನ ಒಳಗೆ ಒಯ್ಯಲೇ ಇಲ್ಲ. ಮಣ್ಣಿಗೆ ಮುಷ್ಟಿ ಮುಷ್ಟಿಯಾಗಿ ಲಿಟರ್ ಬೆರೆಸುತ್ತ ಹೋದದ್ದು ಇದರ ಜೊತೆಗೇ ನಡೆಯಿತು; ಈಗ ಮುಕ್ಕಾಲು ಪಾಲು ಲಿಟರ್ ಇದೆ, ಪೂರ್ತಿ ಮಾಡಬೇಕೆಂಬ ಹಟ ಯಾರಿಗೂ ಇಲ್ಲ.

ವಾಸನೆಯ ಪಾಲು

ಬೆಕ್ಕು ಸರಿಯಾದ ಮೇಲೂ ಮಳೆ ಜೋರಾದ ದಿನ ಪಡಸಾಲೆ ನಾರುತ್ತಿತ್ತು. "ಫರಸಿ ಎಷ್ಟ್ ತೊಳದ್ರೂ ವಾಸನಿ ಹೋಗವಲ್ದ್ರಿ. ಮತ್ತ ಮಾಡೈತಿ ಅದು" ಎಂದು ಫೋನು ಬಂತು. ಮತ್ತೆ ಮಾಡಿದೆಯೋ, ಹಳೆಯದು ಎದ್ದಿದೆಯೋ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಮತ್ತೆ ಮಾಡಿದ್ದರೆ ಅದು ಕಾಯಿಲೆಯ ಮಾತು, ಹಳೆಯದಾದರೆ ಕಲ್ಲಿನ ಮಾತು. ಆ ಜಾಗಗಳಲ್ಲಿ ಒಣ ಪೇಪರ್ ಹಾಸಿಟ್ಟು ಬೆಳಿಗ್ಗೆ ನೋಡಲು ಹೇಳಿದೆ. ಪೇಪರ್ ಒಣಗಿಯೇ ಇತ್ತು, ವಾಸನೆ ಮಾತ್ರ ಇತ್ತು.

ಬೆಕ್ಕಿನ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಬರುತ್ತದೆ. ಕಣ್ಣು ಮೂಗಿಗೆ ಹೊಡೆಯುವುದು ಅದು. ಅದಲ್ಲದೆ ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವಿದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ನಿಧಾನವಾಗಿ ಒಡೆಯುತ್ತ ಗಂಧಕದ ವಾಸನೆಯ ಪದಾರ್ಥಗಳನ್ನು ಬಿಡುತ್ತದೆ. ಅದಕ್ಕೇ ಹೊಸ ಕಲೆಗಿಂತ ಹಳೆಯ ಕಲೆ ಹೆಚ್ಚು ನಾರುವುದು. ಕಲ್ಲಿನ ಸಂದಿನಲ್ಲಿ ಒಣಗಿದ ಲವಣಗಳು ಮಳೆಗಾಲದ ತೇವವನ್ನು ಹೀರಿದಾಗ ಎಲ್ಲವೂ ಮತ್ತೆ ಎದ್ದು ಬರುತ್ತದೆ. ಮಲೆನಾಡಿನ ಅಂಚಿಗಿರುವ ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ದಿನಗಳಿಗೆ ಬರವಿಲ್ಲ.

ರಾತ್ರಿ ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟಾಗ ಕಲೆಗಳು ಹಳದಿ ಹಸಿರಾಗಿ ಹೊಳೆದವು. ಸಾಬೂನಿನ ಪುಡಿಯ ಉಳಿಕೆಯೂ ಹೊಳೆಯುವುದರಿಂದ ಕಂಡದ್ದನ್ನೆಲ್ಲ ಮೂಸಿ ಖಚಿತಪಡಿಸಿಕೊಳ್ಳಬೇಕಾಯಿತು. ಈ ಕೆಲಸ ಮಗನ ಪಾಲಿಗೆ ಬಂತು. ಒರೆಸುತ್ತಿದ್ದ ಜಾಗ ಅಷ್ಟೇನೂ ಹೊಳೆಯಲಿಲ್ಲ. ಹೊಳೆದದ್ದು ಫರಸಿಯ ಸಂದುಗಳು, ಕಪಾಟಿನ ಕಟ್ಟಿಗೆಯ ಕಾಲು, ಸಾಗುವಾನಿ ಚೌಕಟ್ಟಿನ ಬುಡ. ಅಷ್ಟು ದಿನ ತೊಳೆದದ್ದೆಲ್ಲ ಬೇರೆ ಜಾಗವನ್ನೇ.

ಫಿನೈಲಿನ ಉಳಿಕೆ ಹೋಗುವಂತೆ ಮೊದಲು ಬರೀ ನೀರಿನಿಂದ ತೊಳೆದು, ಆಮೇಲೆ ಮೂತ್ರದ ಅಂಶಗಳನ್ನು ಒಡೆಯುವ ಎಂಜೈಮ್ ಕ್ಲೀನರನ್ನು ಸಂದುಗಳಿಗೆ ಇಳಿಯುವಷ್ಟು ಸುರಿದು, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿಯಿಡೀ ಬಿಟ್ಟರು. ಸಿಂಪಡಿಸಿ ತಕ್ಷಣ ಒರೆಸಿದರೆ ಎಂಜೈಮಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಬ್ಲೀಚಿಂಗ್ ಪುಡಿ ಹಾಕಬಹುದೇ ಎಂದು ಕೇಳಿದ್ದರು. ಅಮೋನಿಯಾದ ಜೊತೆ ಅದು ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ, ಆಸಿಡ್ಡಿನ ಜೊತೆ ಸೇರಿದರೆ ಕ್ಲೋರಿನ್. ಆ ಮೂಲೆಯಲ್ಲಿ ಎರಡೂ ಬಿದ್ದಿದ್ದವು. ಎರಡು ಸುತ್ತಿನ ನಂತರವೂ ವಾಸನೆ ಉಳಿದ ಸಂದುಗಳನ್ನು ಗವಂಡಿಯಿಂದ ಕೆತ್ತಿಸಿ, ಒಣಗಿಸಿ, ಹೊಸ ಸಿಮೆಂಟ್ ತುಂಬಿಸಿದರು. ಆಸಿಡ್ ತಿಂದ ಕಲ್ಲಿಗೆ ಪಾಲಿಶ್ ಹಿಡಿಸಿದರು. ಕಲೆ ಮಂಕಾಯಿತು, ಹೋಗಲಿಲ್ಲ.

ಕೌದಿಗಳಲ್ಲಿ ಎರಡನ್ನು ಎಸೆದರು. ಇಳಕಲ್ ಸೀರೆಯ ಕೌದಿಯನ್ನು ಹಿರಿಯರು ಎಸೆಯಗೊಡಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಹೊಲಿಗೆ ಬಿಚ್ಚಿ, ನಡುವಿನ ಪದರಗಳನ್ನು ಬೇರ್ಪಡಿಸಿ, ಎಂಜೈಮಿನ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹರವಿದರು. ಮೂತ್ರ ನಿಂತಿದ್ದದ್ದು ಆ ನಡುಪದರದಲ್ಲಿ. ಇಡೀ ಕೌದಿಯನ್ನು ಹಾಗೆಯೇ ಎಷ್ಟು ಒಗೆದರೂ ನೀರು ಅಲ್ಲಿಗೆ ತಲುಪುತ್ತಿರಲಿಲ್ಲ.

ಆಮೇಲೆ

ದೀಪಾವಳಿಯ ಪಟಾಕಿಯ ದಿನಗಳಲ್ಲಿ ಗುಂಡನ ಮೂತ್ರದಲ್ಲಿ ಮತ್ತೆ ರಕ್ತ ಕಂಡಿತು. ಈ ಕಾಯಿಲೆ ಮರುಕಳಿಸುವಂಥದ್ದು, ಮರುಕಳಿಸಬಹುದೆಂದು ಮೊದಲೇ ಹೇಳಿದ್ದೆ. ಈ ಸಲ ಫೋನು ಮಾಡಿದ್ದು ಹಿರಿಯರೇ: "ನಾಕ್ ಸಲ ಕುಂತೈತ್ರಿ, ಹನಿ ಹನಿ ಬರಾಕತ್ತೈತಿ. ಆದ್ರ ಟಬ್ಬಿನ್ಯಾಗ ಕುಂತೈತಿ." ಹನಿಯಾದರೂ ಬರುತ್ತಿದೆಯೆಂಬ ಸುದ್ದಿಯೂ ಟಬ್ಬು ಬಿಟ್ಟಿಲ್ಲವೆಂಬ ಸುದ್ದಿಯೂ ನನಗೆ ಸಮಾನ ಮುಖ್ಯವಾಗಿದ್ದವು. ಅವತ್ತೇ ತರಿಸಿ, ದಾರಿ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ನೋವಿಗೆ ಔಷಧಿ ಬೇಗ ಶುರುಮಾಡಿದ್ದರಿಂದ ನೋವು ಈ ಸಲ ಟಬ್ಬಿಗೆ ಗಂಟುಬೀಳಲಿಲ್ಲ. ಕೆಲವೇ ದಿನಗಳಲ್ಲಿ ಇಳಿಯಿತು.

ಇದೇ ದಾರಿಯನ್ನು ಎಲ್ಲ ಬೆಕ್ಕುಗಳಿಗೂ ಹಿಡಿಯುವಂತಿಲ್ಲ. ಗೋಡೆಗೆ, ಬಾಗಿಲಿಗೆ ಬಾಲ ಎತ್ತಿ ನಡುಗಿಸುತ್ತ ನಿಂತೇ ಚಿಮ್ಮಿಸುವ ಗಂಡು ಬೆಕ್ಕಿನದು ಟ್ರೇಯ ತಕರಾರಲ್ಲ, ಗಡಿ ಗುರುತಿಸುವ ಕೆಲಸ. ಸಂತಾನಹರಣ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಬೇಕು, ಹೆಚ್ಚಿನ ಗಂಡುಗಳಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಎಂಟು ಹತ್ತು ವರ್ಷ ದಾಟಿದ ಬೆಕ್ಕು ಹೆಚ್ಚು ನೀರು ಕುಡಿಯುತ್ತ, ಹೆಚ್ಚು ಮೂತ್ರ ಮಾಡುತ್ತ ಟ್ರೇ ತಪ್ಪುತ್ತಿದ್ದರೆ, ಟಬ್ಬು ಮಣ್ಣು ಬದಲಿಸುವ ಮೊದಲು ರಕ್ತದ ಸಕ್ಕರೆ ಮತ್ತು ಕಿಡ್ನಿಯ ಪರೀಕ್ಷೆ ಆಗಬೇಕು.